ಎಪ್ಪತ್ತೆರಡು ಸುತ್ತು

ಫೆಬ್ರವರಿ ೪

ಚಿಕ್ಕಮ್ಮನವರಿಗೆ ನಮಸ್ಕಾರ.

ಅಮ್ಮ ತೀರಿಕೊಂಡಾಗ ನೀವು ಬರೆದ ಎರಡು ಸಾಲಿನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ನಾಲ್ಕು ವರ್ಷವಾಯಿತು. ಈಗ ಬರೆದರೆ, ಕೆಲಸ ಬಿದ್ದಾಗ ಮಾತ್ರ ಚಿಕ್ಕಮ್ಮ ನೆನಪಾದಳೇ ಎಂದು ನೀವು ಕೇಳುವುದು ನ್ಯಾಯವೇ. ಹೌದು, ಕೆಲಸವೇ ಬಿದ್ದಿದೆ. ಫೋನು ಮಾಡಿದ್ದೆ. ಪಕ್ಕದ ಮನೆಯ ಟೀಚರು ಎತ್ತಿಕೊಂಡು, "ಅವರು ಫೋನಲ್ಲಿ ಮಾತಾಡಲ್ಲಮ್ಮ, ಕಾಗದ ಬರೀರಿ" ಎಂದರು.

ತೀರಿಹೋದ ಅಪ್ಪ ಮೂವತ್ತೈದು ವರ್ಷ ದುಡಿದ ಅದೇ ರೆಕಾರ್ಡ್ ಕಂಪನಿಯಲ್ಲಿ ನಾನೀಗ ಹಳೆಯ ತಟ್ಟೆಗಳನ್ನು ಶುಚಿ ಮಾಡುತ್ತೇನೆ. ಗೀರು, ಧೂಳು, ಚಟಪಟ ಸದ್ದು ಎಲ್ಲ ತೆಗೆದು ಹಾಡನ್ನು ಸಿ.ಡಿ.ಗೆ ಇಳಿಸುವ ಕೆಲಸ. ನಿಮ್ಮ ಇಪ್ಪತ್ತೆರಡು ಹಾಡುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹೊರತರುವುದೆಂದು ಕಂಪನಿ ತೀರ್ಮಾನಿಸಿದೆ. ಮಾರ್ಚ್ ಹದಿನೈದಕ್ಕೆ ಎಲ್ಲವನ್ನೂ ಒಪ್ಪಿಸಬೇಕು. ಇಪ್ಪತ್ತೊಂದು ಮುಗಿದಿವೆ. ಉಳಿದಿರುವುದು 'ಬಾಗಿಲು ಹಾಕಬೇಡ' ಒಂದೇ.

ಅದರಲ್ಲೊಂದು ತೊಡಕಿದೆ. ಹಳೆಯ ರೆಕಾರ್ಡುಗಳ ತಳದಲ್ಲಿ ಕರೆಂಟಿನ 'ಗುಂಯ್' ಎನ್ನುವ ಸದ್ದು ಸಣ್ಣಗೆ ಸೇರಿಕೊಂಡಿರುತ್ತದೆ. ಅದು ಯಾವತ್ತೂ ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ನಿಮ್ಮ ಇಪ್ಪತ್ತೊಂದು ಹಾಡುಗಳಲ್ಲೂ ಐವತ್ತೇ. ಈ ಒಂದರಲ್ಲಿ ಮಾತ್ರ ಐವತ್ತನಾಲ್ಕು. ಅಂದರೆ ತಟ್ಟೆ ಕೊರೆದ ದಿನ ಯಂತ್ರ ನಿಧಾನವಾಗಿ ತಿರುಗಿದೆ. ಆದ್ದರಿಂದ ನಾವು ಹಾಕಿಕೊಂಡು ಕೇಳುವಾಗ ಹಾಡು ಇರಬೇಕಾದ್ದಕ್ಕಿಂತ ಬೇಗ ಓಡುತ್ತದೆ. ಐವತ್ತೊಂದು ವರ್ಷದಿಂದ ಜನ ಕೇಳುತ್ತಿರುವುದು ಓಡುವ ಹಾಡನ್ನೇ.

ಆ ದಿನ ಯಂತ್ರ ಕೆಟ್ಟಿತ್ತೇ? ನಿಮಗೇನಾದರೂ ನೆನಪಿದೆಯೇ? ವೇಗ ಸರಿಪಡಿಸುವುದು ನನಗೆ ಅರ್ಧ ದಿನದ ಕೆಲಸ. ನಿಮ್ಮನ್ನು ಕೇಳದೆ ಕೈ ಹಾಕಬಾರದೆನ್ನಿಸಿತು.

ನಿಮ್ಮ ಅಕ್ಕನ ಮಗಳು


ಫೆಬ್ರವರಿ ೯

ಚೂಟಿ,

ನಿನ್ನನ್ನು ಹೀಗೆ ಕರೆದು ನಲವತ್ತು ವರ್ಷವಾಯಿತು. ಆಗ ನಿನಗೆ ಆರು ವರ್ಷ. ಮುಂದಿನ ಎರಡು ಹಲ್ಲು ಇರಲಿಲ್ಲ, ಮಾತು ಮಾತ್ರ ಎರಡು ಮನೆಗೆ ಆಗುವಷ್ಟಿತ್ತು. ಈಗ ನೋಡಿದರೆ 'ಚಿಕ್ಕಮ್ಮನವರಿಗೆ ನಮಸ್ಕಾರ'! ನಾನೇನು ನಿನ್ನ ಆಫೀಸಿನ ಮೇಲಿನವಳೇ?

ಫೋನಿನ ವಿಷಯ. ನನ್ನ ಗಂಟಲಿಗೆ ಎರಡು ಸಲ ಕತ್ತರಿ ಬಿದ್ದಿದೆ. ಮಾತಾಡಿದರೆ ತುಕ್ಕು ಹಿಡಿದ ಗೇಟು ತೆಗೆದ ಹಾಗಿರುತ್ತದೆ. ಟೀಚರ ಹತ್ತಿರ ಎರಡು ಮಾತು ಪಿಸುಗುಟ್ಟುತ್ತೇನೆ, ಉಳಿದವರಿಗೆ ತಲೆಯಾಡಿಸುತ್ತೇನೆ. ಆ ಹಾಡು ಹಾಡಿದವಳ ಬಾಯಿಂದ ಈ ದನಿ ಬರುವುದನ್ನು ಯಾರೂ ಕೇಳಬಾರದು, ಅಷ್ಟೇ ನನ್ನ ಆಸೆ.

ಆ ಹಾಡು ಜನಕ್ಕೆ ಏನೆಂದು ನಿನಗೆ ಗೊತ್ತಿಲ್ಲ. ನೀನು ಗುಂಯ್ ಎಣಿಸುವವಳು. ಟೈರು ಅಂಗಡಿಯವನೊಬ್ಬ ನನಗೆ ಬರೆದಿದ್ದ. ಹೆಂಡತಿ ಹೋದಾಗ ಅವನ ಕಣ್ಣಲ್ಲಿ ಒಂದು ಹನಿ ಬರಲಿಲ್ಲವಂತೆ. ನೆಂಟರೆಲ್ಲ ಇವನೆಂಥ ಕಲ್ಲು ಎಂದರಂತೆ. ಮೂರು ತಿಂಗಳಾದ ಮೇಲೆ ಪಂಕ್ಚರು ಹಾಕುವಾಗ ಎದುರು ಅಂಗಡಿಯ ರೇಡಿಯೋದಲ್ಲಿ 'ಹೋಗುವವನೇ, ಬಾಗಿಲು ಹಾಕಬೇಡ, ಗಾಳಿಗಾದರೂ ದಾರಿ ಇರಲಿ' ಎಂದು ಬಂತು. ಅವನು ಟೈರಿನ ಮೇಲೆ ಕೂತು ಗಿರಾಕಿಗಳ ಮುಂದೆಯೇ ಹೋ ಎಂದು ಅತ್ತನಂತೆ. ಇಂಥ ಕಾಗದಗಳು ನನ್ನ ಹತ್ತಿರ ಎರಡು ಟ್ರಂಕು ಇವೆ. ಎರಡನೇ ಚರಣದಲ್ಲಿ ದನಿ ನಡುಗುತ್ತದಲ್ಲ, ಎಲ್ಲರೂ ಅಲ್ಲೇ ಸೋಲುತ್ತಾರೆ. ತಮಗೆ ಅಳಲು ಆಗದ್ದನ್ನು ಯಾರೋ ಮೂರು ನಿಮಿಷ ತಮ್ಮ ಪರವಾಗಿ ಅತ್ತರಲ್ಲ ಎಂದು ಅವರಿಗೆ ಸಮಾಧಾನ.

ಯಂತ್ರ ಸರಿಯಾಗಿತ್ತು. ನನಗೆ ಚೆನ್ನಾಗಿ ನೆನಪಿದೆ. ಗುಂಯ್ ಐವತ್ತಿರಲಿ ಐನೂರಿರಲಿ, ಗೀರು ತೆಗೆ, ಧೂಳು ತೆಗೆ, ಒಪ್ಪಿಸಿ ಮನೆಗೆ ಹೋಗು. ವೇಗ ಮುಟ್ಟಬೇಡ.

ಚಿಕ್ಕಮ್ಮ


ಫೆಬ್ರವರಿ ೧೩

ಚಿಕ್ಕಮ್ಮ,

ನೀವು ಬೇಡವೆಂದ ಮೇಲೂ ಮುಟ್ಟಿದೆ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ತಟ್ಟೆಯನ್ನು ಎಪ್ಪತ್ತೆರಡಕ್ಕೆ ಇಳಿಸಿದೆ. ಗುಂಯ್ ಸದ್ದು ಐವತ್ತಕ್ಕೆ ಬಂದು ಕೂತಿತು. ಪಿಟೀಲುಗಳು ಒಂದು ಮೆಟ್ಟಿಲು ಕೆಳಗಿಳಿದವು. ಆಮೇಲೆ ದನಿ ಬಂತು, ನಾನು ಕುರ್ಚಿ ಬಿಟ್ಟು ಎದ್ದು ನಿಂತೆ.

ಅದು ನಿಮ್ಮದಲ್ಲ, ಅಮ್ಮನದು.

ಅಮ್ಮ ದಿನಾ ಬೆಳಗ್ಗೆ ಅಪ್ಪನಿಗೆ ಪೇಪರು ಓದಿ ಹೇಳುತ್ತಿದ್ದಳು. ಉದ್ದ ವಾಕ್ಯ ಬಂದರೆ ಕೊನೆಯ ಪದಕ್ಕೆ ಸ್ವಲ್ಪ ಮುಂಚೆ ಉಸಿರು ಸಾಲದೆ ಚೂರು ಎಳೆದುಕೊಳ್ಳುತ್ತಿದ್ದಳು. ಅಪ್ಪ ಅದನ್ನೇ ಅಣಕಿಸಿ ಅವಳನ್ನು ರೇಗಿಸುತ್ತಿದ್ದರು. ನಿಮ್ಮ ಇಪ್ಪತ್ತೊಂದು ಹಾಡುಗಳಲ್ಲಿ ಎಲ್ಲೂ ಹಾಗೆ ಉಸಿರು ತೆಗೆದುಕೊಂಡಿಲ್ಲ. ಇದೊಂದರಲ್ಲಿ ಏಳು ಕಡೆ ಇದೆ. ಎಣಿಸುವುದು ನನ್ನ ಕೆಲಸವೆಂದು ನೀವೇ ಹೇಳಿದ್ದೀರಿ.

ಇನ್ನೊಂದು. ನಮ್ಮ ಮನೆಯಲ್ಲಿ ಅಮ್ಮ ಒಂದು ದಿನವೂ ಹಾಡಲಿಲ್ಲ. ರೇಡಿಯೋದಲ್ಲಿ ಈ ಹಾಡು ಬಂದರೆ ಕೈಯಲ್ಲಿ ಹಿಟ್ಟಿದ್ದರೂ ಎದ್ದು ಹೋಗಿ ಆರಿಸುತ್ತಿದ್ದಳು. ತಂಗಿಯ ಮೇಲಿನ ಮುನಿಸು ಎಂದುಕೊಂಡಿದ್ದೆ. ಆ ಟ್ರಂಕಿನ ಕಾಗದಗಳಲ್ಲಿ ಒಂದಾದರೂ ನಿಮಗೆ ಬಂದದ್ದೇ, ಅಥವಾ ಎಲ್ಲ ಅಮ್ಮನಿಗೆ ಸೇರಬೇಕಾದದ್ದೇ? ದಯವಿಟ್ಟು ನಿಜ ಬರೆಯಿರಿ.


ಫೆಬ್ರವರಿ ೧೮

ತಟ್ಟೆ ತೊಳೆಯುವ ಅಧಿಕಾರಿಗಳಿಗೆ,

ಯಾವ ದನಿಯನ್ನು ನಿಧಾನ ಮಾಡಿದರೂ ದಪ್ಪವಾಗುತ್ತದೆ. ಕಾಗೆಯನ್ನು ನಿಧಾನ ಮಾಡಿ ನೋಡು, ಎಮ್ಮೆ ಕೂಗಿದ ಹಾಗೆ ಕೇಳುತ್ತದೆ. ಹಾಗೆಂದು ಕಾಗೆ ಎಮ್ಮೆಯಾಗುವುದಿಲ್ಲ. ತಾಯಿ ಇಲ್ಲದವಳಿಗೆ ಎಲ್ಲ ದನಿಯೂ ತಾಯಿಯದೇ ಅನ್ನಿಸುತ್ತದೆ, ಅದು ನನಗೆ ಅರ್ಥವಾಗುತ್ತದೆ.

ತಟ್ಟೆಯ ಮೇಲೆ ನನ್ನ ಹೆಸರಿದೆ. ಹಾಗೇ ಇರಲಿ. ಇನ್ನು ಈ ವಿಷಯಕ್ಕೆ ಕಾಗದ ಬರೆಯಬೇಡ.


ಫೆಬ್ರವರಿ ೨೧

ಹಿರಿಯ ಗಾಯಕಿಯವರಿಗೆ,

ಬರೆಯಬೇಡವೆಂದಿರಿ. ಇದೊಂದು ಸಲ ಓದಿಬಿಡಿ.

ನೀವು ನಮ್ಮ ಮನೆಗೆ ಕೊನೆಯ ಸಲ ಬಂದ ದಿನ ನನಗೆ ನೆನಪಿಲ್ಲವೆಂದು ನೀವು ತಿಳಿದಿರಬಹುದು. ಇಸ್ತ್ರಿ ಮಾಡುವ ಮೇಜಿನ ಕೆಳಗೆ ಕೂತು ಗುಂಡಿಗಳನ್ನು ದಾರಕ್ಕೆ ಪೋಣಿಸುತ್ತಿದ್ದೆ. ನಿಮ್ಮ ಕೆಂಪು ಚಪ್ಪಲಿ ಕಾಣುತ್ತಿತ್ತು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಬಂದಿದ್ದಿರಿ, ಪಿಸುಗುಟ್ಟಿದರೂ ಮಾತು ಚಾಟಿಯ ಹಾಗಿತ್ತು. "ನಿನ್ನಿಂದ ನನ್ನ ಬದುಕು ಹಾಳಾಯ್ತು ಕಣೇ" ಎಂದಿರಿ. ಮೇಜಿಗೆ ಕೈ ಬಡಿದಿರಿ, ನನ್ನ ಗುಂಡಿಗಳೆಲ್ಲ ಚೆಲ್ಲಿದವು. ಅಮ್ಮ ಅಳುತ್ತಿದ್ದಳು. ನೀವು ಬಾಗಿಲು ಬಡಿದುಕೊಂಡು ಹೋದಿರಿ, ಮತ್ತೆ ಬರಲೇ ಇಲ್ಲ.

ಈಗ ನನಗೆ ಎಲ್ಲ ತಿಳಿಯಿತು. ಅಮ್ಮ ತನ್ನ ಹಾಡನ್ನು ತನಗೆ ಕೊಡು ಎಂದು ಕೇಳಿರಬೇಕು. ನೀವು ಕೊಡಲಿಲ್ಲ. ಕದ್ದವರು ನೀವು, ಬೈದವರೂ ನೀವೇ, ಅತ್ತವಳು ಮಾತ್ರ ಅವಳು. ಐವತ್ತು ವರ್ಷ ಅಕ್ಕನ ದನಿ ಹಾಕಿಕೊಂಡು ಮೆರೆದಿರಲ್ಲ, ನಾಚಿಕೆ ಆಗಲಿಲ್ಲವೇ?

ಮಾರ್ಚ್ ಐದರೊಳಗೆ ಉತ್ತರ ಬರದಿದ್ದರೆ ಎಪ್ಪತ್ತೆರಡರ ವೇಗಕ್ಕೇ ಹಾಡು ಒಪ್ಪಿಸುತ್ತೇನೆ. ಗಾಯಕಿ ಎಂಬಲ್ಲಿ ಅಮ್ಮನ ಹೆಸರಿರುತ್ತದೆ. ನೀವು ಮಾಡಿದ್ದನ್ನು ಒಂದು ಪುಟ ಬರೆದು ಜೊತೆಗಿಡುತ್ತೇನೆ.


ಮಾರ್ಚ್ ೨

ಚಿಕ್ಕಮ್ಮ,

ನಿಮ್ಮಿಂದ ಉತ್ತರವಿಲ್ಲ. ಇವತ್ತು ಕಂಪನಿಯ ನೆಲಮಾಳಿಗೆಗೆ ಇಳಿದು ಆ ವರ್ಷದ ಕೆಲಸದ ಡೈರಿ ಹುಡುಕಿದೆ. ನಿಮ್ಮ ವಿರುದ್ಧ ಗಟ್ಟಿ ಸಾಕ್ಷಿ ಬೇಕಾಗಿತ್ತು. ಸಿಕ್ಕದ್ದು ಅಪ್ಪನ ಕೈಬರಹ.

ಆ ದಿನ ಯಂತ್ರದ ಮುಂದೆ ಕೂತವರು ಅಪ್ಪ ಎಂದು ನನಗೆ ಗೊತ್ತೇ ಇರಲಿಲ್ಲ. ಹಾಡಿನ ಹೆಸರು ಬರೆದಿದ್ದಾರೆ. ಪಕ್ಕದಲ್ಲಿ 'ಮೋಟಾರು ೭೨, ನಾನೇ ಇಳಿಸಿದ್ದು' ಎಂದಿದೆ. ಗಾಯಕಿಯ ಹೆಸರಿನ ಜಾಗ ಖಾಲಿ. ಆ ಡೈರಿಯಲ್ಲಿ ಬೇರೆ ಯಾವ ಸಾಲಿನಲ್ಲೂ ಆ ಜಾಗ ಖಾಲಿ ಇಲ್ಲ.

ನಾನು ಕೆಲಸ ಮಾಡುವ ಕೋಣೆಯ ಬಾಗಿಲ ಮೇಲೆ ಅಪ್ಪನ ಹೆಸರಿದೆ. ಯಂತ್ರಕ್ಕೆ ಒಂದು ದಿನವೂ ಮೋಸ ಮಾಡದ ಮನುಷ್ಯ ಎಂದು ಕೆತ್ತಿಸಿ ಹಾಕಿದ್ದಾರೆ. ಅಂಥವರನ್ನು ಹೇಗೆ ಬಗ್ಗಿಸಿದಿರಿ? ಅತ್ತಿರಾ? ಕಾಲು ಹಿಡಿದಿರಾ? ಅಕ್ಕನ ದನಿ ಒಂದೇ ಸಾಲಲಿಲ್ಲವೇ ನಿಮಗೆ, ಅಪ್ಪನ ಮರ್ಯಾದೆಯೂ ಬೇಕಾಯಿತೇ?


ಮಾರ್ಚ್ ೬

ಚೂಟಿ,

ಡೈರಿ ಸಿಕ್ಕಿತಲ್ಲ, ಸರಿ. ಸುಳ್ಳು ಮಾಡುವಾಗಲೂ ಬರೆದಿಟ್ಟು ಮಾಡುವ ಮನುಷ್ಯ ನಿನ್ನ ಅಪ್ಪ. ಯಾರಿಗೂ ಹೇಳುವುದಿಲ್ಲವೆಂದು ನಿನ್ನ ಅಮ್ಮನಿಗೆ ಮಾತು ಕೊಟ್ಟಿದ್ದೆ. ಅರ್ಧ ಹೇಳಿದವರು ನಿನ್ನ ಅಪ್ಪ. ಉಳಿದರ್ಧವನ್ನು ನಾನು ನುಂಗಿಕೊಂಡರೆ ಆ ಮನುಷ್ಯನ ಬಗ್ಗೆ ನೀನು ಏನೇನೋ ತಿಳಿಯುತ್ತೀಯ. ಕೂತುಕೊಂಡು ಓದು.

ನನಗೆ ಹತ್ತೊಂಬತ್ತು. ಕಂಪನಿಯವರು ಒಂದು ಹಾಡು ಕೊಟ್ಟಿದ್ದರು. ಅದು ಚೆನ್ನಾಗಿ ಬಂದರೆ ಮುಂದೆ ಹತ್ತು, ಇಲ್ಲದಿದ್ದರೆ ಬೇರೆ ಹುಡುಗಿ. ಆ ದಿನ ಬೆಳಗ್ಗೆ ಎದ್ದರೆ ಗಂಟಲು ಪೂರ್ತಿ ಕಟ್ಟಿಹೋಗಿದೆ. ಬಿಸಿನೀರಿನ ಫ್ಲಾಸ್ಕು ಹಿಡಿದು ಅಕ್ಕ ಜೊತೆಗೆ ಬಂದಳು. ಎಂಟು ಜನ ವಾದ್ಯದವರು ಶ್ರುತಿ ಮಾಡಿಕೊಂಡು ಕೂತಿದ್ದಾರೆ. ಮ್ಯಾನೇಜರು ಎರಡು ಗಂಟೆಗೆ ಬಂದು ಕೇಳುತ್ತಾರೆ. ನಾನು ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ಅಕ್ಕ ಬೆನ್ನು ಸವರುತ್ತಾ, "ಅಳಬೇಡ ಕಣೇ, ಇದು ಹೋದ್ರೆ ಇನ್ನೊಂದು" ಎನ್ನುತ್ತಿದ್ದಳು.

ಗಾಜಿನ ಕೋಣೆಯಿಂದ ಒಬ್ಬ ಹುಡುಗ ಹೊರಗೆ ಬಂದ. ಕಿವಿಯ ಹಿಂದೆ ಪೆನ್ಸಿಲ್ಲು. ಅವನು ನನ್ನ ಕಡೆ ನೋಡಲೇ ಇಲ್ಲ. ಅಕ್ಕನನ್ನು ಕೇಳಿದ: "ನಿಮಗೆ ಹಾಡೋಕೆ ಬರುತ್ತಾ?" ಅಕ್ಕ ಹೇಳಿದಳು: "ಬರುತ್ತೆ. ಇವಳಿಗೆ ಹೇಳಿಕೊಟ್ಟಿದ್ದೇ ನಾನು. ಆದ್ರೆ ಈ ಹಾಡಿನ ಪದ ಪೂರ್ತಿ ಬರಲ್ಲ, ದನೀನೂ ದಪ್ಪ." ಅವನು ಸ್ವಲ್ಪ ಯೋಚಿಸಿ, "ತೆಳ್ಳಗೆ ಮಾಡೋದು ನನಗೆ ಬಿಡಿ" ಎಂದ. ಯಂತ್ರದ ವೇಗ ಮುಟ್ಟಿದವನು ಅವತ್ತೇ ಮನೆಗೆ, ಅದು ಕಂಪನಿಯ ಕಟ್ಟುನಿಟ್ಟು. ಅವನು ಮುಟ್ಟಿದ, ವಾದ್ಯದವರೂ ಅವನಿಗಾಗಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಯಾಕೆ ಎಂದು ಕೇಳಬೇಡ, ಮುಂದಿನ ವರ್ಷ ಅಕ್ಕನನ್ನೇ ಮದುವೆಯಾದ.

ಪದ ಬರುವುದಿಲ್ಲವಲ್ಲ, ನಾನು ಮೈಕಿನ ಆ ಕಡೆ ಸ್ಟೂಲಿನ ಮೇಲೆ ಹತ್ತಿ ನಿಂತೆ. ಕೈಯಲ್ಲಿ ಹಾಳೆ, ಕುತ್ತಿಗೆಗೆ ಮಫ್ಲರು. ದನಿಯಿಲ್ಲದೆ ಬಾಯಿ ತೆರೆದು ಮುಚ್ಚಿ, ಹುಬ್ಬು ಕುಣಿಸಿ ಒಂದೊಂದು ಪದ ಹೇಳಿಕೊಡುತ್ತಿದ್ದೆ. ನೀರಿನಿಂದ ತೆಗೆದ ಮೀನಿನ ಹಾಗೆ ಕಾಣುತ್ತಿದ್ದೆ ಎಂದು ಅಕ್ಕ ಆಮೇಲೆ ಹೇಳಿದಳು. ಎರಡನೇ ಚರಣಕ್ಕೆ ಬರುವಾಗ ಅವಳಿಗೆ ತಡೆಯಲಾಗಲಿಲ್ಲ. ನಕ್ಕರೆ ತಟ್ಟೆ ಹಾಳು, ಇನ್ನೊಂದು ಕೊರೆಯಲು ಹೊತ್ತಿಲ್ಲ. ಹಲ್ಲು ಕಚ್ಚಿ, ಹೊಟ್ಟೆ ಹಿಡಿದುಕೊಂಡು ನಗು ನುಂಗಿ ಹಾಡಿದಳು. ಆ ನಡುಕ ಅದು.

ಟೈರು ಅಂಗಡಿಯವನು ಅತ್ತದ್ದು ನಗುವಿಗೆ, ಚೂಟಿ. ಊರೂರೇ ಅತ್ತದ್ದು ನಗುವಿಗೆ. ಬೇಗ ಓಡಿದಾಗ ಆ ನಗುವೇ ಅಳುವಿನ ಹಾಗೆ ಕೇಳಿತು, ನಮಗೂ ಆಮೇಲೆಯೇ ಗೊತ್ತಾಗಿದ್ದು. ಮ್ಯಾನೇಜರು ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಈ ವಯಸ್ಸಿಗೆ ಇಷ್ಟು ದುಃಖ ಎಲ್ಲಿಂದ ಬಂತಮ್ಮ?" ಎಂದು ನನ್ನನ್ನು ಕೇಳಿದರು. ಹಾಡಿ ದಣಿದವಳ ಹಾಗೆ ನಾನು ಗಂಟಲು ತೋರಿಸಿದೆ. ಮೊದಲ ತಿಂಗಳು ಹೋಟೆಲಿನ ರೇಡಿಯೋದಲ್ಲಿ ಆ ಹಾಡು ಬಂದರೆ ನಾವಿಬ್ಬರೂ ಒಬ್ಬರನ್ನೊಬ್ಬರು ಚಿವುಟಿಕೊಂಡು ನಗುತ್ತಿದ್ದೆವು.

ಆಮೇಲೆ ವೇದಿಕೆ ಶುರುವಾಯಿತು. ಎಲ್ಲಿ ಹೋದರೂ ಅದೇ ಹಾಡು ಬೇಕು, ರೆಕಾರ್ಡಿನಲ್ಲಿ ಇದ್ದ ಹಾಗೇ ಬೇಕು. ಮನುಷ್ಯರ ಗಂಟಲು ಹಾಡಿದ್ದರೆ ಮನುಷ್ಯರ ಗಂಟಲು ಅದನ್ನು ಮತ್ತೆ ಹಾಡುತ್ತದೆ. ಅದು ಯಂತ್ರ ಹಾಡಿದ್ದು. ಒಂದು ಮೆಟ್ಟಿಲು ಮೇಲೆ ಹತ್ತಿ, ಇಲ್ಲದ ನಡುಕ ತಂದುಕೊಂಡು, ಗಂಟಲು ಹರಿದುಕೊಂಡು ಹಾಡಿದರೂ ಹಿಂದಿನ ಸಾಲಿನವರು, "ರೆಕಾರ್ಡಿನಷ್ಟು ಚೆನ್ನಾಗಿಲ್ಲ" ಎನ್ನುವರು. ಹತ್ತು ವರ್ಷ ಅದನ್ನೇ ಕೇಳಿದೆ. ಹನ್ನೊಂದನೇ ವರ್ಷ ಮೊದಲ ಕತ್ತರಿ ಬಿತ್ತು. ಡಾಕ್ಟರು ಕೇಳಿದರು: "ಇದು ನಿಮ್ಮ ಶ್ರುತಿ ಅಲ್ಲವಲ್ಲ, ಯಾರ ಜೊತೆ ಪೈಪೋಟಿ ಮಾಡ್ತಿದ್ದೀರಿ?"

ನಿಮ್ಮ ಮನೆಗೆ ಬಂದದ್ದು ಆಗ. ನಾನು ಕೇಳಿದ್ದು ಒಂದೇ: "ಅಕ್ಕಾ, ನಿಜ ಹೇಳಿಬಿಡೋಣ. ನನ್ನನ್ನು ಇದರಿಂದ ಬಿಡಿಸು." ಅವಳು, "ಇವರ ಕೆಲಸ ಹೋಗುತ್ತೆ ಕಣೇ. ಮಗು ಇದೆ. ಸ್ವಲ್ಪ ತಡಕೋ" ಎಂದಳು. ಹಾಡು ಬೇಕೆಂದು ಅವಳು ಕೇಳಲಿಲ್ಲ. ಬೇಡವೆಂದು ಅತ್ತಳು. ಆಗ ನಾನಂದ ಮಾತು ನೀನು ಮೇಜಿನ ಕೆಳಗೆ ಕೂತು ಕೇಳಿದ್ದೀಯ. ಎಂದಿಗೂ ಬಾಯಿ ಬಿಡುವುದಿಲ್ಲ ಎಂದು ಮಾತು ತೆಗೆದುಕೊಂಡಳು. ಕೊಟ್ಟೆ. ಕೊಟ್ಟ ಮೇಲೆ ಆ ಮನೆಯಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಇನ್ನೂ ಇಪ್ಪತ್ತು ವರ್ಷ ಆ ಹಾಡು ಹಾಡಿದೆ, ಎರಡನೇ ಕತ್ತರಿ ಬೀಳುವವರೆಗೂ. ರೇಡಿಯೋ ಆರಿಸುತ್ತಿದ್ದಳು ಎಂದು ಬರೆದಿದ್ದೀಯಲ್ಲ, ಅದು ನನಗೆ ಗೊತ್ತಿರಲಿಲ್ಲ.

ನಿನ್ನ ಕಣ್ಣಿನಲ್ಲಿ ಕಳ್ಳಿಯಾಗುವುದು ನನಗೆ ಕಷ್ಟವಾಗಲಿಲ್ಲ. ನಿನ್ನ ಅಮ್ಮ ಸಣ್ಣವಳಾಗುವುದು ಬೇಡವಾಗಿತ್ತು. ಅದಕ್ಕೇ ಕಾಗೆ ಎಮ್ಮೆ ಎಂದೆಲ್ಲ ಬರೆದೆ.


ಮಾರ್ಚ್ ೧೦

ಚಿಕ್ಕಮ್ಮಾ,

'ನೀವು' ಎಂದ ಕಾಗದಗಳನ್ನೆಲ್ಲ ಹರಿದು ಹಾಕು. ನಾನು ಬರೆದದ್ದಕ್ಕೆ ಕ್ಷಮೆ ಕೇಳಲು ನನಗೆ ಮುಖವಿಲ್ಲ. ಕೇಳುತ್ತೇನೆ. ತಪ್ಪಾಯಿತು.

ನಿನ್ನ ಕಾಗದ ಓದಿ ಮುಗಿಸಿ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಎಪ್ಪತ್ತೆರಡು ಅಳಿಸಿ ಎಪ್ಪತ್ತೆಂಟು ಎಂದು ಒತ್ತಿದೆ. ಡೈರಿಯ ಆ ಪುಟವನ್ನು ಎರಡು ಬೆರಳಲ್ಲಿ ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಒಮ್ಮೆ ಎಳೆದರೆ ಹರಿದು ಬರುತ್ತಿತ್ತು. ನಿನಗೆ 'ಕದ್ದವರು' ಎಂದು ಬರೆದದ್ದೂ ಇದೇ ಕೈ. ಅಮ್ಮ ಅವತ್ತು ಹೇಗೆ 'ತಡಕೋ' ಅಂದಳೋ ನನಗೆ ಆ ಕ್ಷಣವೇ ತಿಳಿಯಿತು. ಅವಳ ಮೇಲೆ ಸಿಟ್ಟೂ ಬಂತು. ಸತ್ತವಳ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಿಜ ಹೇಳಿದರೆ ಬಾಗಿಲ ಮೇಲಿನ ಅಪ್ಪನ ಹೆಸರು ಇಳಿಯುತ್ತದೆ. ಸುಮ್ಮನಿದ್ದರೆ ನೀನು ಸಾಯುವವರೆಗೂ, ಸತ್ತ ಮೇಲೂ, ಆ ಹಾಡಿನಡಿ ಸಿಕ್ಕಿಕೊಂಡಿರುತ್ತೀಯ. ಐದು ದಿನ ಉಳಿದಿದೆ. ಎಪ್ಪತ್ತೆರಡಕ್ಕೆ ಸರಿಪಡಿಸಿದ ಹಾಡನ್ನು ಇದರ ಜೊತೆ ಕಳಿಸಿದ್ದೇನೆ. ಏನು ಮಾಡಲಿ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಚೂಟಿ


ಮಾರ್ಚ್ ೧೩

ಚೂಟಿ,

ನಾನು ಹೇಳುವುದಿಲ್ಲ. ನಿಜ ಹೇಳು ಎಂದರೆ ನಿನ್ನ ಅಪ್ಪನನ್ನು ನಿನ್ನಿಂದ ಕಿತ್ತುಕೊಂಡ ಹಾಗೆ. ಬೇಡ ಎಂದರೆ ನಾನೂ ನಿನ್ನಿಂದ ಮಾತು ತೆಗೆದುಕೊಂಡ ಹಾಗೆ. ಮಾತು ತೆಗೆದುಕೊಂಡವಳೂ ಕೊಟ್ಟವಳೂ ನೆಮ್ಮದಿಯಾಗಿ ಬಾಳಲಿಲ್ಲ, ನೋಡಿದ್ದೀಯ. ನಿನಗೆ ತೋಚಿದ್ದು ಮಾಡು. ಯಾವುದು ಮಾಡಿದರೂ ನಿನ್ನ ಮೇಲೆ ನನಗೆ ಕೋಪವಿಲ್ಲ.

ಹಾಡು ಬಂದಿದೆ. ಲಕೋಟೆ ಒಡೆದಿಲ್ಲ. ಧೈರ್ಯವಿಲ್ಲ.


ಮಾರ್ಚ್ ೧೬

ಚಿಕ್ಕಮ್ಮಾ,

ನಿನ್ನೆ ಒಪ್ಪಿಸಿದೆ. ಎಪ್ಪತ್ತೆರಡಕ್ಕೆ. ಡೈರಿಯ ಪುಟವನ್ನೂ ಸೇರಿಸಿದೆ. ಹಾಡಿದವರು ಎಂಬಲ್ಲಿ ಅಮ್ಮನ ಹೆಸರು ಬರೆದೆ. ಅದರ ಕೆಳಗೆ 'ಸ್ಟೂಲಿನ ಮೇಲೆ ನಿಂತು ಪದ ಹೇಳಿಕೊಟ್ಟವರು' ಎಂದು ನಿನ್ನ ಹೆಸರು ಬರೆದೆ. ಇಂಥದ್ದೊಂದು ಸಾಲು ಯಾವ ತಟ್ಟೆಯ ಮೇಲೂ ಇಲ್ಲ ಎಂದು ಅಚ್ಚಿನವರು ಗೊಣಗಿದರು.

ನಮ್ಮ ನಿರ್ದೇಶಕರು ಕರೆಸಿದರು. ಮೂರು ಸಲ ಹಾಕಿಸಿ ಕೇಳಿದರು. "ಜನ ಅತ್ತಿದ್ದು ಈ ಹಾಡಿಗಲ್ಲಮ್ಮ" ಎಂದರು. "ನಿಮ್ಮ ಕೋಣೆಯ ಬಾಗಿಲ ಮೇಲೆ ಯಾರ ಹೆಸರಿದೆ ಅಂತ ಯೋಚನೆ ಮಾಡಿದ್ದೀರಾ?" ಎಂದರು. ಮಾಡಿದ್ದೇನೆ ಎಂದೆ.

ಅವರು ಒಪ್ಪಿಲ್ಲ, ತಳ್ಳಿಹಾಕಿಯೂ ಇಲ್ಲ. ಅಪ್ಪನೂ ಅಮ್ಮನೂ ಇಲ್ಲ, ಆ ಎಂಟು ವಾದ್ಯದವರಲ್ಲೂ ಯಾರೂ ಇಲ್ಲ, ಉಳಿದ ಸಾಕ್ಷಿ ನೀನೊಬ್ಬಳೇ. ತಟ್ಟೆಯ ಮೇಲೆ ಹೆಸರಿರುವವರೇ ಬಂದು, ಇಪ್ಪತ್ತನಾಲ್ಕನೇ ತಾರೀಖು ಐದು ಜನರ ಮುಂದೆ ಬಾಯಿಬಿಟ್ಟು ಹೇಳಬೇಕಂತೆ. ಕಾಗದ ನಡೆಯುವುದಿಲ್ಲವಂತೆ, ಕಾಗದ ಯಾರು ಬೇಕಾದರೂ ಬರೆಸಬಹುದಂತೆ. ಅವರು ಅದನ್ನು ರೆಕಾರ್ಡು ಮಾಡಿ ಇಟ್ಟುಕೊಳ್ಳುತ್ತಾರಂತೆ. ಇಲ್ಲದಿದ್ದರೆ ಹಳೆಯ ವೇಗಕ್ಕೆ, ಹಳೆಯ ಹೆಸರಿಗೆ ಹಾಡು ಹೊರಗೆ ಹೋಗುತ್ತದೆ. ನನ್ನನ್ನು ಅಲ್ಲಿಯವರೆಗೆ ರಜದ ಮೇಲೆ ಕಳಿಸಿದ್ದಾರೆ.

ನಿನ್ನ ದನಿ ಯಾರಿಗೂ ಕೇಳಿಸಬಾರದು ಎಂದಿದ್ದೀಯ. ಬಾ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ನೀನು ಬರದಿದ್ದರೂ ನಾನು ಮಾಡಿದ್ದನ್ನು ಮಾಡಿಯಾಯಿತು. ಲಕೋಟೆ ಮಾತ್ರ ಒಡೆ. ನಗು ನಿಜಕ್ಕೂ ಕೇಳಿಸುತ್ತದೆ.


ಮಾರ್ಚ್ ೨೦

ಚೂಟಿ,

ನಿನ್ನ ಕಾಗದ ಬಂದ ದಿನ ಲಕೋಟೆಯನ್ನು ಮೇಜಿನ ಮೇಲಿಟ್ಟು ಅದರ ಸುತ್ತ ಗುಡಿಸಿದೆ, ಒರೆಸಿದೆ, ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಕೊನೆಗೆ ನಿನ್ನೆ ಮಧ್ಯಾಹ್ನ ಟೀಚರ ಮನೆಗೆ ತೆಗೆದುಕೊಂಡು ಹೋದೆ. ಅವರು ಯಂತ್ರ ಹಾಕಿಕೊಟ್ಟು ಒಳಗೆ ಹೋದರು.

ಅಕ್ಕ ಬಂದಳು. ಇಪ್ಪತ್ತನಾಲ್ಕು ವರ್ಷದ ಅಕ್ಕ. ಮೂವತ್ತು ವರ್ಷ ನಾನು ಹಾಡಿದ್ದು ಇವಳನ್ನಲ್ಲ, ಯಂತ್ರ ಮಾಡಿಕೊಟ್ಟ ಯಾವಳೋ ಒಬ್ಬಳನ್ನು. ಇವಳಿಗೆ ಅವಸರವೇ ಇಲ್ಲ. ಕೈಯಲ್ಲಿ ಫ್ಲಾಸ್ಕು ಹಿಡಿದು ನಿಂತ ಹಾಗೆ ಆರಾಮಾಗಿ ಹಾಡುತ್ತಾಳೆ. ಕೇಳಿದರೆ ಅಳು ಬರುವುದಿಲ್ಲ ಎನ್ನುತ್ತಾರಲ್ಲ ನಿಮ್ಮ ನಿರ್ದೇಶಕರು, ನನ್ನನ್ನು ಬಂದು ನೋಡಲಿ. ಸೆರಗು ಒದ್ದೆಯಾಯಿತು. ಎರಡನೇ ಚರಣದಲ್ಲಿ ಅವಳು ನಗು ನುಂಗುವುದು ಕೇಳಿಸಿತು. ನಾನು ನುಂಗಲಿಲ್ಲ, ನಕ್ಕುಬಿಟ್ಟೆ.

ಎರಡನೇ ಸಲ ಹಾಕಿದಾಗ ನನಗೇ ಗೊತ್ತಿಲ್ಲದೆ ಬಾಯಿ ತೆರೆದೆ. ಗಂಟಲಿಗೆ ವಯಸ್ಸಾಗಿ, ಕತ್ತರಿ ಬಿದ್ದು, ಅದು ಇಳಿದು ಇಳಿದು ಎಲ್ಲಿಗೆ ಬಂದಿದೆ ಎಂದರೆ ಸರಿಯಾಗಿ ಅಕ್ಕ ನಿಂತಿದ್ದ ಜಾಗಕ್ಕೇ ಬಂದಿದೆ. ಎಲ್ಲೂ ಹತ್ತಬೇಕಾಗಲಿಲ್ಲ, ಎಲ್ಲೂ ಹರಿಯಲಿಲ್ಲ. ಕರಕರ ಎನ್ನುವುದು ನಿಜ. ಕೊನೆಯವರೆಗೂ ಜೊತೆಯಲ್ಲೇ ಹಾಡಿದೆ. ಟೀಚರು ಸೌಟು ಹಿಡಿದುಕೊಂಡೇ ಓಡಿ ಬಂದು, "ಯಾರು ಹಾಡಿದ್ದು?" ಎಂದು ಕೇಳಿದರು. "ನನ್ನಕ್ಕ" ಎಂದೆ. ಪಿಸುಗುಟ್ಟಲಿಲ್ಲ, ಜೋರಾಗಿಯೇ ಅಂದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು ಪಾಪ, ನನ್ನ ದನಿ ಹಾಗಿದೆ.

ಅವಳಿಗೆ ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ. ಮುರಿದರೆ ಅವಳು ಬೈಯಲಿ, ಸಿಕ್ಕಾಗ ಬೈಸಿಕೊಳ್ಳುತ್ತೇನೆ. ನಿನ್ನ ಅಪ್ಪನ ಬಗ್ಗೆಯೂ ಹೇಳುತ್ತೇನೆ. ಅಳುವ ಹುಡುಗಿಯೊಬ್ಬಳಿಗಾಗಿ ತನ್ನ ಅನ್ನವನ್ನೇ ಪಣಕ್ಕಿಟ್ಟವನು ಅವನು. ಬಾಗಿಲ ಮೇಲೆ ಹೆಸರು ಇರುವುದೋ ಬಿಡುವುದೋ ಅದನ್ನು ಕೇಳಿದ ಮೇಲೆ ಅವರೇ ತೀರ್ಮಾನಿಸಲಿ.

ಇಪ್ಪತ್ತಮೂರರ ಬೆಳಗಿನ ರೈಲಿಗೆ ಬರುತ್ತಿದ್ದೇನೆ. ಸ್ಟೇಷನ್ನಿಗೆ ಬಾ, ನಿನ್ನ ಮುಖ ನನಗೆ ಗುರುತು ಸಿಗುವುದಿಲ್ಲ. ಆ ಐದು ಜನರ ಮುಂದೆ ಕೂತು ನಾನು ಹೇಳಬೇಕಾದದ್ದು ಹೆಚ್ಚೇನಿಲ್ಲ, ಆ ಹಾಡು ಹಾಡಿದ್ದು ನನ್ನಕ್ಕ ಎಂಬುದೊಂದೇ. ಅವರು ರೆಕಾರ್ಡು ಮಾಡಿಕೊಳ್ಳಲಿ, ನನಗೇನೂ ಇಲ್ಲ. ಆದರೆ ನನ್ನ ದನಿ ಎಷ್ಟೇ ಒಡೆದಿರಲಿ, ನೀನು ಅದನ್ನು ಶುಚಿ ಮಾಡುವುದಕ್ಕೆ ಹೋಗಬೇಡ.

ನಿನ್ನ ಚಿಕ್ಕಮ್ಮ